ಕರಾಟೆಯ ಗೆದಾನ್ ಬರಾಯ್‌ನಲ್ಲಿ (ಎರಡೂ ಕೈ ಅಡ್ಡ ಹಾಕಿ, ಒಂದನ್ನು ಕೆಳಕ್ಕೆ ಬೀಸಿ ತಡೆದು, ಇನ್ನೊಂದನ್ನು ಸೊಂಟಕ್ಕೆ ಎಳೆಯೋದು) ಸೊಂಟಕ್ಕೆ ಬರೋ ಕೈಗೆ ಏನು ಕೆಲಸ?

ಹಳದಿಬೆಲ್ಟ್: ಹೆಯಾನ್ ಶೋದಾನ್ ಕಟಾ (ಒಬ್ಬರೇ ಮಾಡೋ ನಿಗದಿತ ಚಲನೆಗಳ ಸರಣಿ) ಶುರುವಾಗೋದೇ ಎಡಕ್ಕೆ ತಿರುಗಿ ಗೆದಾನ್ ಬರಾಯ್, ಹಿಂದೆಯೇ ಒಂದು ಹೆಜ್ಜೆ, ಪಂಚ್. ‘ಎಡಗಡೆಯಿಂದ ಕಿಕ್ ಬಂತು, ತಡೆದು ಹೊಡಿ’ ಅನ್ನೋದು ಕ್ಲಾಸಲ್ಲಿ ಹೇಳೋ ಬುಂಕಾಯ್, ಅಂದರೆ ಕಟಾದ ಚಲನೆಗೆ ಕೊಡೋ ಅರ್ಥ. ಜೋರಾಗಿ ಬರೋ ಕಾಲಿಗೆ ಮುಂಗೈ ಒಡ್ಡಿದರೆ ಮೂಳೆ ಉಳಿಯುತ್ತಾ? ಮೊದಲು ಎರಡೂ ಕೈ ಅಡ್ಡ ಹಾಕೋಕೆ ಟೈಮ್ ಎಲ್ಲಿದೆ? ಬಲಗೈ ಸೊಂಟಕ್ಕೆ ಯಾಕೆ?

ಹಿಕಿತೆ: ಸೊಂಟಕ್ಕೆ ಬರೋ ಕೈ ಖಾಲಿ ಬರಬಾರದು, ಎದುರಿನವನ ಕೈ ಹಿಡ್ಕೊಂಡು ಬರಬೇಕು. ಹೀಗೆ ಮಾಡಿ ನೋಡಿ.

ಅವನ ಬಲ ಮಣಿಕಟ್ಟು ನಿಮ್ಮ ಬಲಗೈಯಲ್ಲಿ. ಎಡಕ್ಕೆ ಸರಿದು ಅವನ ತೋಳಿನ ಹೊರಮಗ್ಗುಲಿಗೆ ಬನ್ನಿ, ಅವನ ಎಡಗೈಗೆ ನೀವು ಎಟುಕಬಾರದು. ಕಟಾದಲ್ಲಿ ತಿರುಗೋದು ಇದಕ್ಕೆ, ಎಡಗಡೆ ಹೊಸ ಶತ್ರು ಯಾರೂ ನಿಂತಿಲ್ಲ. ಅಡ್ಡ ಹಾಕಿದ ಎಡಗೈ ಆಗ ಅವನ ತೋಳಿನ ಮೇಲಿರುತ್ತೆ. ಬಲಗೈಯನ್ನು ತಿರುಚುತ್ತಾ ಸೊಂಟಕ್ಕೆಳೆದರೆ ಅವನ ಮೊಣಕೈ ತುದಿ ಮೇಲಾಗುತ್ತೆ. ಅದರಿಂದ ಎರಡು ಬೆರಳು ಮೇಲೆ, ಭುಜದ ಕಡೆಗೆ, ನಿಮ್ಮ ಎಡ ಮುಂಗೈ ಇಟ್ಟು ಕೆಳಗೊತ್ತಿ. ತಲೆ ಬಗ್ಗುತ್ತೆ. ಮುಂದಿನ ಪಂಚ್‌ಗೆ ಎಡಗೈ ಕಾಲರ್ ಹಿಡಿದು ಎಳೆದರೆ ದವಡೆ ತಾನಾಗೇ ಬಲಮುಷ್ಟಿಗೆ ಸಿಗುತ್ತೆ.

ಕೆಡೋದು ಎರಡು ಕಡೆ. ಮುಂಗೈ ಮಣಿಕಟ್ಟಿನ ಕಡೆ ಜಾರಿದರೆ ಅವನು ಕೈ ಮಡಚಿ ಬಿಡಿಸ್ಕೊಳ್ತಾನೆ. ಎಳೆಯೋ ಮೊದಲೇ ಒತ್ತಿದರೆ ತೋಳು ನೇರವೇ ಆಗಿರಲ್ಲ, ಬರೀ ತೋಳ್ಬಲದ ಜಗಳ ಆಗುತ್ತೆ.

ಹಳದಿಬೆಲ್ಟ್: ಮಡಚಿಬಿಟ್ಟರೆ?

ಹಿಕಿತೆ: ಒತ್ತೋದು ಬಿಟ್ಟುಬಿಡಿ, ಹಟ ಬೇಡ. ಮಣಿಕಟ್ಟು ಬಿಡದೆ ಅದೇ ಎಡಗೈ ಮುಷ್ಟಿಯಿಂದ ಕತ್ತಿನ ಪಕ್ಕಕ್ಕೆ ಹೊಡೆದು ಹೊರಗೆ ಬನ್ನಿ.

ನೈಹಾಂಚಿ: ಮೇಲಿನದು ಸರಿ. ಶಿತೋ-ರ್ಯೂ, ವಾಡೋ ಶೈಲಿಯ ಕರಾಟೆ ಕಲಿತವರು ಗಮನಿಸಿ: ಇದೇ ಕಟಾ ನಿಮ್ಮಲ್ಲಿ ಪಿನಾನ್ ನಿದಾನ್. 20ನೇ ಶತಮಾನದ ಆರಂಭದಲ್ಲಿ ಕರಾಟೆ ಗುರು ಇತೊಸು ಆಂಕೊ ಜಪಾನಿನ ಓಕಿನಾವಾದ ಶಾಲೆಗಳಲ್ಲಿ ಕರಾಟೆ ತಂದಾಗ ಪಿನಾನ್ ಕಟಾಗಳನ್ನು ರೂಪಿಸಿದ್ದು. ಅವಕ್ಕೆ ಹೆಯಾನ್ ಅನ್ನೋ ಹೆಸರು ಆಮೇಲಿನ ಗುರು ಫುನಾಕೋಶಿಯದು. ಶಾಲೆ ಮಕ್ಕಳಿಗೆ ಮೊಣಕೈ ಮುರಿಯೋದು ಯಾರು ಕಲಿಸ್ತಾರೆ? ‘ಬ್ಲಾಕ್’ ಅನ್ನೋ ಸೌಮ್ಯ ವಿವರಣೆ ಅಲ್ಲಿಂದಲೇ ಉಳ್ಕೊಂಡಿರಬೇಕು ಅಂತ ನನ್ನ ಅನಿಸಿಕೆ.

ಕಟಾದ ನಾಲ್ಕನೇ ಚಲನೆ, ತೆತ್ಸುಯಿ (ಸುತ್ತಿಗೆಯ ಹಾಗೆ ಮುಷ್ಟಿಯ ಹೊಡೆತ), ಮರೆಯಬೇಡಿ. ಅಲ್ಲಿ ನಿಮ್ಮ ಬಲ ಮಣಿಕಟ್ಟು ಅವನ ಹಿಡಿತದಲ್ಲಿದೆ. ಮುಂದಿನ ಕಾಲನ್ನು ಹಿಂದಕ್ಕೆಳೆದಾಗ ಮೈಭಾರವೇ ಕೈಯನ್ನು ಅವನ ಹೆಬ್ಬೆರಳಿನ ಸಂದಿಯಿಂದ ಬಿಡಿಸುತ್ತೆ. ಕೈ ಅದೇ ವೇಗದಲ್ಲಿ ಸುತ್ತಿಬಂದು ಮುಷ್ಟಿಯ ಕಿರುಬೆರಳ ಬದಿಯಿಂದ ಹೊಡೆಯುತ್ತೆ. ಕೈ ಮೊದಲು, ಕಾಲು ಆಮೇಲೆ ಆದರೆ ಹಿಡಿತ ಬಿಡಲ್ಲ.

ಅನುಮಾನಪ್ಪ: ಪ್ರತಿ ಬೆರಳಿಗೂ ಗುಟ್ಟು ಹುಡುಕೋ ಚಟ ಬೇಡ. ಯಾವ ಬುಂಕಾಯ್‌ಗಾದರೂ ಒಂದೇ ಪರೀಕ್ಷೆ: ಜೊತೆಗಾರ ಹಿಡಿಸ್ಕೊಂಡ ಕೈಯನ್ನು ಹಿಂದಕ್ಕೆಳೀಬೇಕು, ಇನ್ನೊಂದು ಕೈಯಿಂದ ಮುಖಕ್ಕೆ ಬೀಸಬೇಕು. ಮೊದಲು ಎರಡೂ ಕಡೆ ಹತ್ತತ್ತು ಸಲ ನಿಧಾನಕ್ಕೆ, ಆಮೇಲೆ ಈ ಗಲಾಟೆ. ಮೊಣಕೈ ನೇರವಾದ ಕೂಡಲೇ ಒತ್ತೋದು ನಿಲ್ಲಿಸಿ, ಅವನು ‘ಸಾಕು’ ಅಂತ ತಟ್ಟೋವರೆಗೆ ಕಾಯಬೇಡಿ.