‘ಆಫ್ಟರ್ ಡೆಲಾಕ್ರ್ವಾ’ ಅಂದರೆ ‘ಡೆಲಾಕ್ರ್ವಾ ನಂತರ’ವೇ?

ಪ್ರಶ್ನೆ: ಚಿತ್ರವೊಂದರ ಅಡಿಬರಹ ಕನ್ನಡಕ್ಕೆ ಆಗಬೇಕಿದೆ: ‘ದ ಗುಡ್ ಸಮಾರಿಟನ್, ಆಫ್ಟರ್ ಡೆಲಾಕ್ರ್ವಾ’, ವಿನ್ಸೆಂಟ್ ವ್ಯಾನ್ ಗೋ, 1890. (ಡೆಲಾಕ್ರ್ವಾ ವ್ಯಾನ್ ಗೋಗಿಂತ ಹಿಂದಿನ ಫ್ರೆಂಚ್ ಚಿತ್ರಕಾರ.) ಕರಡಿನಲ್ಲಿ ‘ಆಪದ್ಬಾಂಧವ, ಡೆಲಾಕ್ರ್ವಾ ನಂತರ’ ಎಂದಿದೆ. ಹೀಗೇ ಬಿಡಬಹುದೇ? ಜೊತೆಗಿರುವ ಪ್ರಾಣಿ ಕತ್ತೆಯೇ?

ಉತ್ತರ: ‘ನಂತರ’ ಖಂಡಿತ ಬೇಡ. ಓದುವವರು ಕಾಲದ ಲೆಕ್ಕ ಹಾಕುತ್ತಾರೆ. ಚಿತ್ರಕಲೆಯಲ್ಲಿ ‘ಆಫ್ಟರ್’ ಎಂಬ ಮಾತಿಗೆ ಇನ್ನೊಬ್ಬರ ಕೃತಿಯನ್ನು ಎದುರಿಗಿಟ್ಟುಕೊಂಡು ಬರೆದದ್ದು ಎಂದರ್ಥ. ‘ನಕಲು’ ಅಂದರೆ ಪರೀಕ್ಷೆಯ ಕೋಣೆ ನೆನಪಾಗುತ್ತದೆ. ‘ಮಾದರಿಯಲ್ಲಿ’ ಅಂದರೆ ಶೈಲಿ ಮಾತ್ರ ಡೆಲಾಕ್ರ್ವಾನದು, ವಸ್ತು ಬೇರೆ ಎಂದಾಗಿಬಿಡುತ್ತದೆ. ‘ಪ್ರತಿ’ ಎನ್ನೋಣವೆಂದರೆ ಬಣ್ಣವೂ ಮೂಲದ್ದೇ ಆಗಿರಬೇಕು, ಇಲ್ಲಿ ಹಾಗಿಲ್ಲ. 1890ರ ಮೇ ತಿಂಗಳಲ್ಲಿ ಫ್ರಾನ್ಸಿನ ಸೇಂಟ್ ರೆಮಿಯ ಆಸ್ಪತ್ರೆಯಲ್ಲಿದ್ದ ವ್ಯಾನ್ ಗೋನ ಕೈಯಲ್ಲಿ ಇದ್ದದ್ದು ಡೆಲಾಕ್ರ್ವಾನ 1849ರ ಚಿತ್ರವಲ್ಲ, ಅದರ ಕಪ್ಪು-ಬಿಳುಪು ಕಲ್ಲಚ್ಚು, ಅಂದರೆ ಕಲ್ಲಿನ ಮೇಲೆ ಬರೆದು ಕಾಗದಕ್ಕೆ ಒತ್ತಿದ ಮುದ್ರಣ (ಲಿಥೋಗ್ರಾಫ್). ಕಲ್ಲಚ್ಚಿನಲ್ಲಿ ಎಡ ಬಲವಾಗಿತ್ತು, ಹಾಗಾಗಿ ಈತನ ಚಿತ್ರವೂ ಮೂಲಕ್ಕೆ ಕನ್ನಡಿ ಹಿಡಿದಂತೆ ತಿರುಗಿದೆ. ಬಣ್ಣ ಪೂರ್ತಿ ಈತನದೇ. ಇಂಥ ಕೆಲಸವನ್ನು ಅವನು ಪತ್ರದಲ್ಲಿ ಕರೆದದ್ದೇ ಬಣ್ಣದ ಭಾಷೆಗೆ ಮಾಡಿದ ಅನುವಾದ ಎಂದು. ‘ಡೆಲಾಕ್ರ್ವಾನ ಚಿತ್ರವನ್ನು ಆಧರಿಸಿ’ ಎಂದರೆ ಇಷ್ಟಕ್ಕೂ ಜಾಗ ಉಳಿಯುತ್ತದೆ.

‘ಆಪದ್ಬಾಂಧವ’ ಅಪಘಾತದ ಸುದ್ದಿಯ ತಲೆಬರಹಕ್ಕೆ ಚೆನ್ನ, ಇಲ್ಲಿಗೆ ಒಗ್ಗದು. ಆ ಪದದೊಳಗೇ ಬಂಧು ಕೂತಿದ್ದಾನೆ. ಬೈಬಲಿನ ಲೂಕನ ಸುವಾರ್ತೆಯ ಹತ್ತನೆಯ ಅಧ್ಯಾಯದ ಕಥೆಯಲ್ಲಿ, ಕಳ್ಳರು ಹೊಡೆದು ಬಿಟ್ಟುಹೋದ ಯೆಹೂದ್ಯ ದಾರಿಹೋಕನಿಗೆ ಸಹಾಯ ಮಾಡಿದವನು ಬಂಧುವಲ್ಲ, ಸಮಾರ್ಯದವನು. ಯೆಹೂದ್ಯರಿಗೂ ಸಮಾರ್ಯದವರಿಗೂ ಹೊಕ್ಕು ಬಳಕೆ ಇರಲಿಲ್ಲ. ಸ್ವಂತದವರಾದ ಯಾಜಕನೂ ದೇವಾಲಯದ ಸೇವಕನಾದ ಲೇವಿಯನೂ ದಾಟಿ ಹೋದರು. ಚಿತ್ರದ ಎಡಭಾಗ ನೋಡಿ: ಆ ಇಬ್ಬರೂ ದಾರಿ ಹಿಡಿದು ದೂರವಾಗುತ್ತಿದ್ದಾರೆ, ಕೆಳಗೆ ಬಾಯ್ತೆರೆದ ಖಾಲಿ ಪೆಟ್ಟಿಗೆ ಬಿದ್ದಿದೆ. ಜಾತಿ ಹೆಸರು ಅಳಿಸಿದರೆ ಕಥೆಯ ಕೊಂಡಿಯೇ ಕಳಚುತ್ತದೆ. ‘ಸಮಾರಿಟನ್’ ಎಂಬ ಇಂಗ್ಲಿಷ್ ರೂಪವೂ ಬೇಡ, ಕನ್ನಡ ಬೈಬಲಿನ ‘ಸಮಾರ್ಯದವನು’ ಹಳೆಯ ಪದ. ಅಂದಹಾಗೆ ‘ಒಳ್ಳೆಯ’ ಎಂಬ ವಿಶೇಷಣ ಲೂಕನ ಪಠ್ಯದಲ್ಲಿಲ್ಲ, ಶೀರ್ಷಿಕೆ ಕೊಟ್ಟವರು ಸೇರಿಸಿದ್ದು. ಆದರೂ ರೂಢಿಯಾಗಿದೆ, ಇಟ್ಟುಕೊಳ್ಳಿ.

ಪ್ರಾಣಿಯ ವಿಚಾರ: ಗ್ರೀಕ್ ಮೂಲದಲ್ಲಿ ಬರೀ ಸವಾರಿಯ ಪಶು. ಈ ಚಿತ್ರದ್ದನ್ನು ಕೆಲವರು ಕುದುರೆ ಅಂತಾರೆ, ಕೆಲವರು ಹೇಸರಗತ್ತೆ. ವಿವರಣೆಯಲ್ಲಿ ‘ಸವಾರಿ ಪಶು’ ಎಂದು ಬರೆದರೆ ತಕರಾರಿಲ್ಲ.

ಅಡಿಬರಹ ಹೀಗಿರಲಿ, ಅಳತೆಯಲ್ಲಿ ಎತ್ತರ ಮೊದಲು:

ಒಳ್ಳೆಯ ಸಮಾರ್ಯದವನು, ಡೆಲಾಕ್ರ್ವಾನ ಚಿತ್ರವನ್ನು ಆಧರಿಸಿ. ವಿನ್ಸೆಂಟ್ ವ್ಯಾನ್ ಗೋ, ಮೇ 1890. ಕ್ಯಾನ್ವಾಸಿನ ಮೇಲೆ ತೈಲವರ್ಣ, 73 × 59.5 ಸೆಂ.ಮೀ. ಕ್ರೋಲರ್-ಮ್ಯೂಲರ್ ಮ್ಯೂಸಿಯಂ, ಒಟರ್ಲೊ, ನೆದರ್‌ಲ್ಯಾಂಡ್ಸ್.