ಕೈಗೆ ಪ್ಲಾಸ್ಟರ್ ಹಾಕಿರುವಾಗ ಮನಸ್ಸಿನಲ್ಲೇ ವೀಣೆ ನುಡಿಸಿಕೊಂಡರೆ ಪ್ರಯೋಜನವಿದೆಯೇ?

ಪ್ರಶ್ನೆ: ವೀಣೆಯ ವಿದ್ಯಾರ್ಥಿನಿ, ಮೈಸೂರು

ನನಗೆ 46 ವರ್ಷ. ಏಳು ವರ್ಷಗಳಿಂದ ವೀಣೆ ಕಲಿಯುತ್ತಿದ್ದೇನೆ. ಹತ್ತು ದಿನಗಳ ಹಿಂದೆ ಅಂಗಳದಲ್ಲಿ ಜಾರಿ ಬಿದ್ದು ಎಡಗೈ ಮಣಿಕಟ್ಟಿನ ಮೂಳೆ ಮುರಿಯಿತು. ಆರು ವಾರ ಪ್ಲಾಸ್ಟರ್ ಇರಬೇಕೆಂದು ವೈದ್ಯರು ಹೇಳಿದ್ದಾರೆ. ಮೋಹನ ರಾಗದ ಆದಿತಾಳ ವರ್ಣವೊಂದು (ಅಭ್ಯಾಸಕ್ಕೆ ನುಡಿಸುವ ರಚನೆ) ಎರಡನೆಯ ಕಾಲದಲ್ಲಿ, ಅಂದರೆ ಇಮ್ಮಡಿ ವೇಗದಲ್ಲಿ, ಈಗಷ್ಟೇ ಕೈಗೆ ಹತ್ತತೊಡಗಿತ್ತು. ರಾತ್ರಿ ಮಲಗಿದ ಮೇಲೆ ಅದನ್ನು ಪಲ್ಲವಿಯಿಂದ ಕೊನೆಯ ಚರಣಸ್ವರದವರೆಗೆ ಮನಸ್ಸಿನಲ್ಲೇ ನುಡಿಸಿಕೊಳ್ಳುತ್ತೇನೆ. ಇದರಿಂದ ಕೈಗೂ ಮಿದುಳಿಗೂ ನಿಜವಾದ ಲಾಭವಿದೆಯೇ, ಅಥವಾ ಇದು ಬರಿಯ ಸಮಾಧಾನವೇ? ಬಿದ್ದಂದಿನಿಂದ ಬೆಳಗಿನ ನಡಿಗೆಯನ್ನೂ ನಿಲ್ಲಿಸಿದ್ದೇನೆ.

ಉತ್ತರ: ಫಿಸಿಯೋಥೆರಪಿಸ್ಟ್, ಹುಬ್ಬಳ್ಳಿ

ನಮಸ್ಕಾರ. ಲಾಭ ನಿಜವಾದದ್ದು, ಅದನ್ನು ಅಳೆದೂ ನೋಡಿದ್ದಾರೆ.

ಸ್ನಾಯುವಿನ ಶಕ್ತಿಯಲ್ಲಿ ಎರಡು ಪಾಲಿದೆ. ಒಂದು ಸ್ನಾಯುವಿನ ಗಾತ್ರ. ಇನ್ನೊಂದು, ಅದರ ಎಳೆಗಳಲ್ಲಿ ಎಷ್ಟನ್ನು ಮಿದುಳು ಒಮ್ಮೆಲೇ ಕೆಲಸಕ್ಕೆ ಕರೆಯಬಲ್ಲದು ಎಂಬುದು. ಪ್ಲಾಸ್ಟರಿನೊಳಗೆ ಕೈ ಸುಮ್ಮನಿದ್ದಾಗ ಎರಡೂ ಕುಗ್ಗುತ್ತವೆ. ಮನಸ್ಸಿನ ಅಭ್ಯಾಸದಿಂದ ಸ್ನಾಯು ಸೊರಗುವುದು ನಿಲ್ಲುತ್ತದೆಂದು ನಾನು ಹೇಳಲಾರೆ, ಆದರೆ ಮಿದುಳಿನ ಆ ಕರೆಯನ್ನು ಅದು ಬಹುಮಟ್ಟಿಗೆ ಕಾಪಾಡುತ್ತದೆ. ಒಂದು ಚಲನೆಯನ್ನು ಕಲ್ಪಿಸಿಕೊಂಡಾಗ, ಅದನ್ನು ಯೋಜಿಸಿ ಹೊಂದಿಸುವ ಮಿದುಳಿನ ಭಾಗಗಳು ನಿಜವಾಗಿ ಕೈ ಆಡಿಸುವಾಗಿನಂತೆಯೇ ದುಡಿಯುತ್ತವೆ. ಕೊನೆಯ ಅಪ್ಪಣೆಯೊಂದು ಮಾತ್ರ ಸ್ನಾಯುವಿಗೆ ತಲುಪದೆ ಉಳಿಯುತ್ತದೆ.

ನಿಮ್ಮ ಸ್ಥಿತಿಗೆ ತೀರಾ ಹತ್ತಿರವಾದದ್ದು 2014ರಲ್ಲಿ ಅಮೆರಿಕದ ಓಹಾಯೋ ವಿಶ್ವವಿದ್ಯಾಲಯದ ಬ್ರಿಯಾನ್ ಕ್ಲಾರ್ಕ್ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಯೋಗ. ಆರೋಗ್ಯವಂತರ ಮಣಿಕಟ್ಟಿಗೆ 4 ವಾರ ಪ್ಲಾಸ್ಟರ್ ಹಾಕಿ, ಅವರಲ್ಲಿ ಕೆಲವರಿಗೆ ವಾರಕ್ಕೆ 5 ದಿನ ಮಣಿಕಟ್ಟನ್ನು ಬಲವಾಗಿ ಬಿಗಿಹಿಡಿದಂತೆ ಕಲ್ಪಿಸಿಕೊಳ್ಳಲು ಹೇಳಿದರು. ಸುಮ್ಮನಿದ್ದವರ ಶಕ್ತಿ ಸುಮಾರು ಶೇ. 45ರಷ್ಟು ಕುಸಿದರೆ, ಕಲ್ಪಿಸಿಕೊಂಡವರದು ಸುಮಾರು ಶೇ. 24ರಷ್ಟು ಮಾತ್ರ ಕುಸಿಯಿತು. ಅವರ ಮೂಳೆ ಮುರಿದಿರಲಿಲ್ಲ ಎಂಬುದನ್ನು ಮರೆಯಬಾರದು. ನಿಮ್ಮ ಕೈಯ ಊತ, ನೋವುಗಳ ವಿಷಯದಲ್ಲಿ ನಿಮ್ಮ ವೈದ್ಯರ ಮಾತೇ ಅಂತಿಮ. ಪ್ಲಾಸ್ಟರಿನ ಹೊರಗಿರುವ ಬೆರಳುಗಳನ್ನು ಆಡಿಸಲು ಅವರು ಹೇಳಿದ್ದರೆ, ಅದನ್ನು ದಿನವೂ ತಪ್ಪದೆ ಮಾಡಿ. ಬೆರಳಿನ ಗಿಣ್ಣುಗಳು ಪೆಡಸಾಗುವುದನ್ನು ಯಾವ ಕಲ್ಪನೆಯೂ ತಡೆಯದು.

ನಡಿಗೆಯನ್ನು ನಿಲ್ಲಿಸಬೇಡಿ. 2011ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 120 ಹಿರಿಯರನ್ನು ಎರಡು ಗುಂಪು ಮಾಡಿದ್ದರು. ವಾರಕ್ಕೆ 3 ದಿನ 40 ನಿಮಿಷದವರೆಗೆ ಬಿರುಸಾಗಿ ನಡೆದವರಲ್ಲಿ, ನೆನಪಿಗೆ ಆಧಾರವಾದ ಹಿಪೊಕ್ಯಾಂಪಸ್ ಒಂದು ವರ್ಷದಲ್ಲಿ ಸುಮಾರು ಶೇ. 2ರಷ್ಟು ಹಿಗ್ಗಿತ್ತು, ಕೈಕಾಲು ಚಾಚುವ ಲಘು ವ್ಯಾಯಾಮವನ್ನಷ್ಟೇ ಮಾಡಿದವರಲ್ಲಿ ಅದು ಸ್ವಲ್ಪ ಕುಗ್ಗಿತ್ತು. ಹೊಸದಾಗಿ ಕಲಿತದ್ದನ್ನು ಉಳಿಸಿಕೊಳ್ಳಬೇಕಾದ ನಿಮಗೆ ಇದು ಮುಖ್ಯ. ಕೈಯನ್ನು ಜೋಳಿಗೆಯಲ್ಲಿಟ್ಟು, ಜಾರದ ಸಮತಟ್ಟಾದ ಜಾಗದಲ್ಲಿ ನಡೆಯಿರಿ.

ಉತ್ತರ: ವೀಣೆಯ ಮೇಷ್ಟ್ರು, ಬೆಂಗಳೂರು

ನೋಡಮ್ಮ, ಮಲಗಿಕೊಂಡು ಮಾಡುವ ಸಾಧನೆ ನಿದ್ದೆಗೆ ಜಾರುತ್ತದೆ. ಬೆಳಿಗ್ಗೆ ಎದ್ದು ಕುಳಿತು ಮಾಡಿ. ಬಲಗೈ ಬಿಡುವಾಗಿದೆಯಲ್ಲ, ಅದರಿಂದ ತೊಡೆಯ ಮೇಲೆ ತಾಳ ಹಾಕಿಕೊಳ್ಳಿ. ಸ್ವರಗಳು ಕಿವಿಯಲ್ಲಿ ಕೇಳಿಸಿದರೆ ಸಾಲದು, ಎಡಗೈ ಬೆರಳು ಯಾವ ಮೆಟ್ಟಿಲ ಮೇಲಿದೆ, ಗಾಂಧಾರದಲ್ಲಿ ತಂತಿಯನ್ನು ಎಷ್ಟು ಎಳೆಯುತ್ತಿದೆ ಎಂಬುದು ಬೆರಳ ತುದಿಯಲ್ಲೇ ಅನ್ನಿಸಬೇಕು. ದೂರದಿಂದ ನಿಮ್ಮನ್ನೇ ನೋಡುತ್ತಿರುವ ಹಾಗೆ ಕಲ್ಪಿಸಿಕೊಂಡರೆ ಕೈಗೆ ಹೆಚ್ಚೇನೂ ಸಿಗುವುದಿಲ್ಲ ಎಂಬುದು ನನ್ನ ಅನುಭವ. ಮನಸ್ಸು ಕಷ್ಟದ ಜಾಗಗಳನ್ನು ಹಾರಿಸಿಕೊಂಡು ಓಡುತ್ತದೆ. ಎಲ್ಲಿ ಹಾರಿತೋ ಅಲ್ಲೇ ನಿಂತು ಮೊದಲನೆಯ ಕಾಲದಲ್ಲಿ ಮತ್ತೆ ನುಡಿಸಿ, ಏಕೆಂದರೆ ತಪ್ಪನ್ನು ಮನಸ್ಸಿನಲ್ಲಿ ನುಡಿಸಿದರೆ ತಪ್ಪೇ ಗಟ್ಟಿಯಾಗುತ್ತದೆ.

1995ರಲ್ಲಿ ನರವಿಜ್ಞಾನಿ ಪಾಸ್ಕುಅಲ್-ಲಿಯೋನ್ ಅವರ ತಂಡ ಪ್ರಕಟಿಸಿದ ಪಿಯಾನೋ ಪ್ರಯೋಗವನ್ನು ನನ್ನ ಎಲ್ಲ ಶಿಷ್ಯರಿಗೂ ಹೇಳುತ್ತೇನೆ. ಪಿಯಾನೋ ನುಡಿಸಿ ಗೊತ್ತಿಲ್ಲದವರು ಐದು ಬೆರಳಿನ ಪಾಠವೊಂದನ್ನು ದಿನಕ್ಕೆ 2 ಗಂಟೆಯಂತೆ 5 ದಿನ ಅಭ್ಯಾಸ ಮಾಡಿದರು. ಒಂದು ಗುಂಪು ಕೈಯಿಂದ, ಇನ್ನೊಂದು ಮನಸ್ಸಿನಲ್ಲಿ ಮಾತ್ರ. ಬೆರಳುಗಳನ್ನು ಆಳುವ ಮಿದುಳಿನ ಜಾಗ ಎರಡೂ ಗುಂಪಿನಲ್ಲಿ ವಿಸ್ತರಿಸಿತ್ತು. ಮನಸ್ಸಿನಲ್ಲಿ ಮಾಡಿದವರ ನುಡಿಕೆ ಐದನೆಯ ದಿನ, ಕೈಯಿಂದ ಮಾಡಿದವರ ಮೂರನೆಯ ದಿನದ ಮಟ್ಟದಲ್ಲಿತ್ತು. ಆಮೇಲೆ 2 ಗಂಟೆ ನಿಜವಾಗಿ ನುಡಿಸಿದ್ದೇ ತಡ, ಮನಸ್ಸಿನಲ್ಲಿ ಮಾಡಿದವರು ಕೈಯಿಂದ ಮಾಡಿದವರನ್ನು ಸರಿಗಟ್ಟಿದರು.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಕೃತಜ್ಞತೆಗಳು. ಇಂದು ಕುಳಿತು ತಾಳ ಹಾಕಿಕೊಂಡು ಪ್ರಯತ್ನಿಸಿದೆ. ವರ್ಣದ ಮೊದಲರ್ಧವನ್ನು ಮುಗಿಸುವ ಮುಕ್ತಾಯಿಸ್ವರದ ಎರಡನೆಯ ಆವರ್ತದಲ್ಲಿ (ತಾಳದ ಸುತ್ತಿನಲ್ಲಿ) ನಾನು ಪ್ರತಿಸಲವೂ ಹಾರಿಸುತ್ತಿದ್ದೆ ಎಂಬುದು ಈಗ ತಿಳಿಯಿತು. ಆದರೆ ಆ ಜಾಗ ಬಂದಾಗಲೆಲ್ಲ ಪ್ಲಾಸ್ಟರಿನೊಳಗೆ ಮುಂಗೈ ತಾನಾಗಿ ಬಿಗಿಯುತ್ತದೆ. ತೊಂದರೆಯಿದೆಯೇ?

ಉತ್ತರ: ಫಿಸಿಯೋಥೆರಪಿಸ್ಟ್, ಹುಬ್ಬಳ್ಳಿ

ಕಲ್ಪನೆ ಸ್ಪಷ್ಟವಾದಾಗ ಸ್ನಾಯು ಸ್ವಲ್ಪ ಮಿಡಿಯುವುದುಂಟು. ಆದರೂ ಮೂಳೆ ಕೂಡುವವರೆಗೆ ಅದು ಸಡಿಲವಾಗಿಯೇ ಇರಲಿ. ಮುಂಗೈಯನ್ನು ದಿಂಬಿನ ಮೇಲಿಟ್ಟು, ಬಿಗಿತ ಕಂಡೊಡನೆ ನಿಲ್ಲಿಸಿ, ನಿಧಾನವಾಗಿ ಉಸಿರು ಬಿಟ್ಟು ಮುಂದುವರಿಸಿ. ಒಮ್ಮೆಗೆ 10ರಿಂದ 15 ನಿಮಿಷ ಸಾಕು, ಬೇಕಿದ್ದರೆ ಸಂಜೆ ಇನ್ನೊಮ್ಮೆ ಕುಳಿತುಕೊಳ್ಳಿ. ನೋವು ಹೆಚ್ಚಿದರೆ ಅಥವಾ ಬೆರಳುಗಳು ಜೋಮು ಹಿಡಿದರೆ, ಮುಂದಿನ ತಪಾಸಣೆಯ ದಿನಕ್ಕೆ ಕಾಯದೆ ಅಂದೇ ವೈದ್ಯರನ್ನು ಕಾಣಿರಿ.