ರೋಲ್ ಪ್ಲೇಯಿಂಗ್ ಗೇಮ್: ‘ಪಾತ್ರ’ವೋ, ‘ವೇಷ’ವೋ, ‘ಅರ್ಥ’ವೋ?

ಮಾನ್ಯರೇ,

ಮೊಬೈಲ್ ಆಟಗಳನ್ನು ಕುರಿತ ಲೇಖನವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ‘ಹೊಂಕಾಯ್: ಸ್ಟಾರ್ ರೇಲ್’ ಎಂಬ ಚೀನಾದ ಆಟವನ್ನು, ಅದಿನ್ನೂ ಬಿಡುಗಡೆಯಾಗುವ ಮೊದಲು, ‘ಅಪ್‌ಕಮಿಂಗ್ ಸೈನ್ಸ್ ಫಿಕ್ಷನ್ ರೋಲ್ ಪ್ಲೇಯಿಂಗ್ ವಿಡಿಯೋ ಗೇಮ್’ ಎಂದು ಪರಿಚಯಿಸುವ ಸಾಲಿನಲ್ಲಿಯೇ ನನ್ನ ಅನುವಾದ ನಿಂತುಹೋಗಿದೆ.

ಈ ಸರಪಳಿಯ ಮೊದಲೆರಡು ಕೊಂಡಿಗಳು ಅಷ್ಟೇನೂ ಕಾಡಲಿಲ್ಲ. ‘ಮುಂಬರುವ’ ಎಂಬುದು ಚುನಾವಣೆಗೋ ಹಬ್ಬಕ್ಕೋ ಒಪ್ಪುವ ಮಾತು; ಆಟಕ್ಕೆ, ಸಿನಿಮಾದವರು ಹೇಳುವಂತೆ ‘ಬಿಡುಗಡೆಯಾಗಲಿರುವ’ ಎಂಬುದೇ ಸಹಜ. ಆ ಆಟ 2023ರ ಏಪ್ರಿಲ್ 26ರಂದು ಬಿಡುಗಡೆಯಾಗಿಯೇ ಬಿಟ್ಟದ್ದರಿಂದ ಈಗ ಅದೂ ಬೇಕಿಲ್ಲ. ‘ವೈಜ್ಞಾನಿಕ ಆಟ’ ಎಂದರೆ ಶಾಲೆಯ ವಿಜ್ಞಾನ ಮೇಳದ ನೆನಪಾಗುತ್ತದೆಯಾದ್ದರಿಂದ ‘ವೈಜ್ಞಾನಿಕ ಕಥಾವಸ್ತುವುಳ್ಳ’ ಎಂದು ಬಿಡಿಸಿ ಬರೆದಿದ್ದೇನೆ.

ತೊಡಕಿರುವುದು ‘ರೋಲ್ ಪ್ಲೇಯಿಂಗ್’ ಎಂಬಲ್ಲಿ. ‘ಪಾತ್ರ ವಹಿಸುವ ಆಟ’ ಎಂದು ಮೊದಲು ಬರೆದೆ. ಆದರೆ ಪತ್ರಿಕೆಗಳು ‘ಮಹತ್ತರ ಪಾತ್ರ ವಹಿಸಿದೆ’ ಎಂದು ದಿನವೂ ಬರೆದು ಬರೆದು ಆ ಮಾತಿನಿಂದ ರಂಗಭೂಮಿಯ ವಾಸನೆಯೇ ಹೋಗಿರುವುದರಿಂದ, ಓದುಗರು ‘ಯಾವುದರಲ್ಲಿ ಪಾತ್ರ ವಹಿಸುವ ಆಟ?’ ಎಂದು ಕೇಳಿಯಾರು. ‘ಪಾತ್ರಧಾರಿ ಆಟ’ ಎಂಬುದು ಇದಕ್ಕಿಂತ ವಾಸಿ, ಏಕೆಂದರೆ ಪಾತ್ರವನ್ನು ಧರಿಸುವವನು ಆಡುವ ಮನುಷ್ಯನೇ ಹೊರತು ಪರದೆಯ ಮೇಲಿನ ಗೊಂಬೆಯಲ್ಲ ಎಂಬುದು ಅದರಲ್ಲಿ ಸ್ಪಷ್ಟವಾಗುತ್ತದೆ. ‘ವೇಷ’ವನ್ನು ನಾನು ಬೇಕೆಂದೇ ಬಿಟ್ಟೆ: ಆಟಗಳ ಅಭಿಮಾನಿಗಳು ಪಾತ್ರಗಳಂತೆ ಉಡುಪು ತೊಟ್ಟು ಬರುವ ‘ಕಾಸ್‌ಪ್ಲೇ’ಗೆ ಆ ಪದ ಮೀಸಲಿರಲಿ ಎಂಬುದು ನನ್ನ ಆಸೆ.

ಆದರೆ ಈ ಬಗೆಯ ಆಟದ ಮೂಲವನ್ನು ನೋಡಿದರೆ ಇನ್ನೊಂದು ಪದ ಕೈಬೀಸಿ ಕರೆಯುತ್ತದೆ. 1974ರಲ್ಲಿ ಅಮೆರಿಕದಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಅವರು ಹೊರತಂದ ‘ಡಂಜನ್ಸ್ ಆಂಡ್ ಡ್ರ್ಯಾಗನ್ಸ್’ ಆಟವನ್ನು ಮೇಜಿನ ಸುತ್ತ ಕುಳಿತು ಆಡುತ್ತಿದ್ದರು. ನಡೆಸುವವನೊಬ್ಬ ಸನ್ನಿವೇಶವನ್ನು ಹೇಳಿದರೆ, ಉಳಿದವರು ತಮ್ಮ ತಮ್ಮ ಪಾತ್ರವಾಗಿ ಆಗಿಂದಾಗಲೇ ಮಾತು ಕಟ್ಟುತ್ತಿದ್ದರು, ಗೆಲುವು ಸೋಲನ್ನು ದಾಳ ನಿರ್ಧರಿಸುತ್ತಿತ್ತು. 1977ರ ‘ಟ್ರಾವೆಲರ್’ ಇದೇ ಕ್ರಮವನ್ನು ಅಂತರಿಕ್ಷದ ಕಥೆಗೆ ಒಗ್ಗಿಸಿತು. ದಾಳವೊಂದನ್ನು ಬಿಟ್ಟರೆ ಇದು ನಮ್ಮ ಯಕ್ಷಗಾನದ ತಾಳಮದ್ದಳೆಯಲ್ಲವೇ? ವೇಷವಿಲ್ಲ, ಕುಣಿತವಿಲ್ಲ, ಭಾಗವತರು ಪದ್ಯ ಹಾಡುತ್ತಾರೆ, ‘ಅರ್ಥ’ವನ್ನು, ಎಂದರೆ ಪಾತ್ರದ ಮಾತನ್ನು, ಹೇಳುವ ಅರ್ಥಧಾರಿಗಳು ಕುಳಿತಲ್ಲೇ ರಾಮನೋ ವಾಲಿಯೋ ಆಗಿ ವಾದ ಹೂಡುತ್ತಾರೆ. ಹೀಗಿರುವಾಗ ಮೇಜಿನ ಆಟಕ್ಕೆ ‘ಅರ್ಥಧಾರಿ ಆಟ’ ಎಂದರೆ ಕರಾವಳಿ, ಮಲೆನಾಡಿನವರಿಗಾದರೂ ತಟ್ಟನೆ ಹೊಳೆಯುತ್ತದೆ. ಬಯಲುಸೀಮೆಯವರು ಶಬ್ದಾರ್ಥದ ಆಟವೆಂದು ತಿಳಿದಾರೆಂಬ ಅಳುಕು ನನಗುಂಟು.

ಮೊಬೈಲಿನ ಆಟಕ್ಕೆ ಈ ಪದ ಅಷ್ಟು ಹೊಂದುವುದಿಲ್ಲ. ಸ್ಟಾರ್ ರೇಲ್‌ನಲ್ಲಿ ಆಟಗಾರನು ಗ್ರಹದಿಂದ ಗ್ರಹಕ್ಕೆ ಹೋಗುವ ರೈಲಿನ ಪ್ರಯಾಣಿಕ. ತನ್ನ ಪಾತ್ರದ ಹೆಸರನ್ನು, ಅದು ಹೆಣ್ಣೋ ಗಂಡೋ ಎಂಬುದನ್ನು ಅವನೇ ಆರಿಸಬಹುದು, ಆದರೆ ಆಡುವ ಮಾತು ಮೊದಲೇ ಬರೆದಿಟ್ಟ ಎರಡು ಮೂರು ಸಾಲುಗಳಲ್ಲಿ ಒಂದು. ಅಲ್ಲದೆ ಕಾಳಗಕ್ಕೆ ನಾಲ್ವರ ತಂಡ ಕಟ್ಟಿ, ಸರದಿಯಂತೆ ನಾಲ್ವರನ್ನೂ ತಾನೇ ನಡೆಸುತ್ತಾನೆ. ಇದು ಅರ್ಥಗಾರಿಕೆಗಿಂತ ತೆರೆಯ ಹಿಂದೆ ನಿಂತು ಹಲವು ಗೊಂಬೆಗಳ ಸೂತ್ರ ಹಿಡಿಯುವ ಕೆಲಸಕ್ಕೇ ಹತ್ತಿರವಾದದ್ದು.

ಆದ್ದರಿಂದ ಮೇಜಿನ ಆಟಕ್ಕೆ ‘ಅರ್ಥಧಾರಿ ಆಟ’, ಪರದೆಯ ಆಟಕ್ಕೆ ‘ಪಾತ್ರಧಾರಿ ಆಟ’ ಎಂದು ಬೇರೆ ಬೇರೆ ಪದ ಬಳಸಬಹುದೇ, ಅಥವಾ ಇಂಗ್ಲಿಷಿನಲ್ಲಿ ಒಂದೇ ಇರುವಾಗ ಇಲ್ಲಿ ಎರಡು ಮಾಡುವುದು ಗೊಂದಲಕ್ಕೆ ದಾರಿಯೇ? ತಾಳಮದ್ದಳೆಯ ಬಳಕೆ ಬಲ್ಲವರು ಇನ್ನೊಂದನ್ನೂ ತಿಳಿಸಿದರೆ ಉಪಕಾರವಾದೀತು: ‘ಅರ್ಥ ಹೇಳು’ ಎಂಬ ಮಾತು ಕೂಟದ ಹೊರಗೆ, ನಿತ್ಯದ ಮಾತಿನಲ್ಲಿ, ಬೇರೊಬ್ಬರಾಗಿ ಮಾತನಾಡುವುದು ಎಂಬ ಅರ್ಥದಲ್ಲಿ ಬಳಕೆಯಲ್ಲಿದೆಯೇ?